ತೋಟದಮ್ಮನ ಬಲಗೈ

ಮಾವನವರಿಗೆ,

ಮೂರು ಸಲ ಸೋಪು ಹಾಕಿ ಕೈ ತೊಳೆದುಕೊಂಡು ಬರೆಯಲು ಕೂತಿದ್ದೇನೆ. ಆದರೂ ಬೆರಳಿನಿಂದ ಆ ವಾಸನೆ ಹೋಗಿಲ್ಲ. ಕಕ್ಕಸಿನ ವಾಸನೆಯಾಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು, ಅದು ಮನುಷ್ಯರದು. ಇದು ಕಕ್ಕಸಿನೊಳಗೆ ಹಚ್ಚಿಟ್ಟ ಲ್ಯಾವೆಂಡರ್ ಮೇಣದಬತ್ತಿಯದು. ನೀವು ಹೋಗಿ ಇಪ್ಪತ್ತೆರಡು ವರ್ಷವಾಯಿತು, ಇಷ್ಟು ದಿನ ಒಂದು ಸಾಲು ಬರೆಯದವನು ಈಗ ಕಕ್ಕಸಿನಿಂದ ಶುರು ಮಾಡುತ್ತಿದ್ದಾನಲ್ಲ ಎಂದು ಹುಬ್ಬು ಗಂಟಿಕ್ಕಬೇಡಿ. ಕಾಗದ ಬರೆಯಬೇಕಾಗಿ ಬಂದದ್ದೇ ಅಲ್ಲಿಂದ. ನಿಮ್ಮ ಮಗಳು ಪದ್ಮ ನೀವಿರುವ ಕಡೆಗೇ ಬಂದು ಮೂರು ವರ್ಷವಾಯಿತು. ಅಲ್ಲಿ ನಿಮ್ಮನ್ನು ನೋಡಿದ್ದರೆ ಅರ್ಧ ಕಥೆ ನಿಮಗೆ ಗೊತ್ತಿರುತ್ತದೆ. ನೋಡಿಲ್ಲದಿದ್ದರೆ... ಇರಲಿ. ನಾನು ಹೇಳಬೇಕಾದದ್ದು ಉಳಿದರ್ಧ. ಅದರಲ್ಲಿ ನನ್ನದೊಂದು ಹೇಸಿಗೆಯ ಕೆಲಸವಿದೆ. ನಿಮಗೆ ಸಲ್ಲಬೇಕಾದ ಒಂದು ಸುದ್ದಿಯೂ ಇದೆ, ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಮೈಸೂರಿನ ಹೈಸ್ಕೂಲಿನ ಡ್ರಾಯಿಂಗ್ ಕ್ಲಾಸಿಗೆ ನೀವು ಆ ಚಿತ್ರವನ್ನು ಮೊದಲ ಸಲ ತಂದ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಾರ್ಕೆಟ್ಟಿನ ಹಿಂದಿನ ರದ್ದಿ ಅಂಗಡಿಯಲ್ಲಿ ಸಿಕ್ಕಿತು ಎಂದು, ಎರಡು ರಟ್ಟಿನ ನಡುವೆ ಇಟ್ಟು, ಹಸುಗೂಸನ್ನು ಎತ್ತಿಕೊಂಡು ಬರುವ ಹಾಗೆ ತಂದಿದ್ದಿರಿ. ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನೇ ಎಬ್ಬಿಸಿದಿರಿ. 'ಇದರಲ್ಲಿ ಬೂದು ಬಣ್ಣ ಎಲ್ಲಿದೆ ತೋರ್ಸೋ.' ನಾನು ಆಕಾಶವನ್ನು ತೋರಿಸಿದೆ. 'ಹತ್ರ ಬಂದು ತೋರ್ಸು.' ಹತ್ತಿರ ಹೋದರೆ ಬೂದು ಎಲ್ಲಿತ್ತು? ಬರೀ ಗೆರೆ. ಸಣ್ಣ ಗೆರೆ, ದಪ್ಪ ಗೆರೆ, ಕೂದಲಿನಷ್ಟೇ ಜಾಗ ಬಿಟ್ಟು ಎಳೆದ ಗೆರೆ. ಯುರೋಪಿನ ಯಾವನೋ ಮುನ್ನೂರು ವರ್ಷದ ಹಿಂದೆ ತಾಮ್ರದ ತಗಡಿನಲ್ಲಿ ಕೊರೆದು, ಮಸಿ ತುಂಬಿ, ಕಾಗದಕ್ಕೆ ಒತ್ತಿದ್ದು ಎಂದಿರಿ. ಆ ಗೆರೆಗಳೇ ಸೇರಿ ಒಂದು ತೋಟವಾಗಿದ್ದವು. ಸ್ಕೇಲಿಟ್ಟು ಕತ್ತರಿಸಿದಂಥ ಬೇಲಿ, ಕಾರಂಜಿ, ಕೆಳಗೆ ಟೊಪ್ಪಿ ಹಾಕಿದ ಮೂವರು ದೊಡ್ಡ ಮನುಷ್ಯರು, ಒಂದು ನಾಯಿ. ನಡುವೆ ಆಳೆತ್ತರದ ಕಟ್ಟೆಯ ಮೇಲೆ ಒಬ್ಬ ಕಲ್ಲಿನ ದೇವತೆ. ಸೆರಗಿನ ತುಂಬ ಹಣ್ಣು ಕಟ್ಟಿಕೊಂಡು, ಒಂದು ಕೈ ಮುಂದೆ ಚಾಚಿ, ಯಾರಿಗೋ ಒಂದು ಹಣ್ಣು ಕೊಡುತ್ತಿದ್ದಳು. ರೋಮಿನವರ ಹಣ್ಣಿನ ತೋಟದ ದೇವತೆ, ಪೊಮೋನಾ ಎಂದು ಹೆಸರು ಎಂದಿರಿ. ಅವಳ ಒಂದು ಭುಜ ಬರಿದಾಗಿತ್ತು. ಹಿಂದಿನ ಬೆಂಚಿನವರು ನಕ್ಕದ್ದು ಅದಕ್ಕೆ, ಪೆಟ್ಟು ಬಿದ್ದದ್ದು ಮುಂದಿನ ಬೆಂಚಿನ ನನಗೆ.

ಪದ್ಮ ಆರು ವರ್ಷದವಳಿದ್ದಾಗಿನ ಸಂಗತಿ ನೀವೇ ಹೇಳಿದ್ದು. ಒಂದು ಶುಕ್ರವಾರ ನೀವು ಸ್ಕೂಲಿನಿಂದ ಬಂದರೆ ಚಿತ್ರದ ಗಾಜಿನ ಮೇಲೆ, ಸರಿಯಾಗಿ ದೇವತೆಯ ಹಣೆಗೆ, ಕುಂಕುಮ. ಬೈಯಲು ಬಾಯಿ ತೆರೆದರೆ ಹುಡುಗಿ, 'ಪಾಪ, ತೋಟದಲ್ಲಿ ಒಬ್ಬಳೇ ನಿಂತಿದಾಳೆ, ಯಾರೂ ಕುಂಕುಮ ಕೊಟ್ಟಿಲ್ಲ' ಎಂದಳಂತೆ. ಅವತ್ತಿನಿಂದ ಪೊಮೋನಾ ತೋಟದಮ್ಮನಾದಳು. ಅತ್ತೆಯವರು ಭುಜದ ಬಗ್ಗೆ ಗೊಣಗಿದರೂ ಅದನ್ನು ಹೇಗೋ ಹೊಟ್ಟೆಗೆ ಹಾಕಿಕೊಂಡರು. ಅವರಿಗೆ ನುಂಗಲಾಗದೆ ಹೋದದ್ದು ಕೈ. ತೋಟದಮ್ಮ ಹಣ್ಣು ಕೊಡುತ್ತಿದ್ದದ್ದು ಎಡಗೈಯಲ್ಲಿ. ಎಡಗೈಯಲ್ಲಿ ಕೊಡುವವಳನ್ನು ದೇವರ ಮನೆಗೆ ಸೇರಿಸುವುದಿಲ್ಲ ಎಂದು ಅವರು ಹಟ ಹಿಡಿದರು, ಮಗಳು ಅಳು ಹಿಡಿದಳು. ಆಗ ನೀವು ಪೆಟ್ಟಿಗೆಯಿಂದ ಕ್ಷೌರದ ಕನ್ನಡಿ ತೆಗೆದಿರಿ. ಚಿತ್ರವನ್ನು ಒಂದು ಗೋಡೆಗೆ ಹಾಕಿ, ಎದುರು ಗೋಡೆಗೆ, ಒಂದು ತಟ್ಟೆಯಲ್ಲಿ, ಆ ಕನ್ನಡಿಯನ್ನು ಒರಗಿಸಿ ಇಟ್ಟಿರಿ. ಕನ್ನಡಿಯಲ್ಲಿ ನೋಡಿದರೆ ಬಲಗೈ! ಚಿತ್ರಪಟದ ದೇವರಿಗೆ ನೀರು ಹಾಕುವಂತಿಲ್ಲವೆಂದು ಕನ್ನಡಿಗೆ ಅಭಿಷೇಕ ಮಾಡುವುದು ದೇವಸ್ಥಾನಗಳಲ್ಲೂ ಇದೆಯಲ್ಲ, ಇಲ್ಲೂ ಹಾಗೇ ಆಗಲಿ ಎಂದಿರಿ. ನೀರು ಕನ್ನಡಿಗೆ, ಕುಂಕುಮ ಕನ್ನಡಿಗೆ. ಅತ್ತೆಯವರ ಬಾಯಿ ಮುಚ್ಚಿತು.

ಮುಚ್ಚಿದ್ದು ಎಷ್ಟು ಹೊತ್ತು? ನಾನು ಸಂಜೆ ನಿಮ್ಮಲ್ಲಿಗೆ ಪೆನ್ಸಿಲ್ ಕೆಲಸ ಕಲಿಯಲು ಬರುತ್ತಿದ್ದಾಗ ಆ ಜಗಳ ಇನ್ನೂ ನಡೆಯುತ್ತಲೇ ಇತ್ತು. ತಗಡಿನಲ್ಲಿ ಕಂಡ ಹಾಗೇ ಕೊರೆದರೆ ಅಚ್ಚು ಹಾಕಿದಾಗ ಎಡ ಬಲವಾಗುತ್ತದೆ, ನಿಜವಾದ ವಿಗ್ರಹ ಬಲಗೈಯಲ್ಲೇ ಕೊಡುತ್ತಿರಬೇಕು ಎಂದು ನೀವು. ಆ ಟೊಪ್ಪಿಯವರನ್ನು ನೋಡು, ಮೂವರೂ ಕತ್ತಿಯನ್ನು ಬಲಸೊಂಟಕ್ಕೆ ಕಟ್ಟಿಕೊಂಡಿದ್ದಾರೆ, ಊರಿಗೆ ಊರೇ ಎಡಚರಿರುತ್ತಾರೆಯೇ ಎಂದು ನೀವು. ಅತ್ತೆಯವರು ಒಲೆಯ ಮುಂದಿನಿಂದಲೇ, 'ಹಾಗಾದ್ರೆ ಕೆಳಗಿನ ಅಕ್ಷರ ಯಾಕೆ ತಿರುಗಿಲ್ಲ?' ಎಂದರು. ಅಕ್ಷರ ಜನ ಓದುತ್ತಾರಲ್ಲ, ಅದನ್ನು ತಗಡಿನಲ್ಲೇ ತಿರುಗಿಸಿ ಕೊರೆದಿರುತ್ತಾನೆ, ಕೈಯನ್ನು ಯಾರು ಓದುತ್ತಾರೆ ಎಂದಿರಿ. ಅದಕ್ಕೆ ಅತ್ತೆಯವರು, 'ನಾವು ಓದ್ತೀವಲ್ಲ' ಎಂದರು. ನೀವು ನನ್ನ ಕಡೆ ತಿರುಗಿ, ನಿಜವಾದ ವಿಗ್ರಹ ನಾನು ನೋಡಿಲ್ಲವಪ್ಪಾ, ಇದು ಡ್ರಾಯಿಂಗ್ ಮೇಷ್ಟ್ರ ಊಹೆ ಅಷ್ಟೇ ಎಂದು ನಕ್ಕಿರಿ. ಆ ನಗುವಿನಲ್ಲಿ ಸೋಲಿತ್ತು, ಮಾವ. ನನಗೆ ಆಗಲೇ ಕಂಡಿತ್ತು.

ನಮ್ಮ ಮದುವೆಯಾಗಿ, ನನಗೆ ಈ ಪರದೇಶದ ವಿಮಾನದ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಕೆಲಸ ಸಿಕ್ಕಿ ಹೊರಟಾಗ, ಪದ್ಮನ ಸೀರೆಗಳ ನಡುವೆ ನೀವೇ ಆ ಚಿತ್ರವನ್ನೂ ಕನ್ನಡಿಯನ್ನೂ ಇಟ್ಟಿರಿ. ಮಗಳಿಗೆ ಏನೂ ಹೇಳಲಿಲ್ಲ. ನನ್ನನ್ನು ಹಿತ್ತಲಿಗೆ ಕರೆದು, 'ಕಾಗದ ಕಣಪ್ಪ. ನೀರು ತಾಗಬಾರದು, ಥಂಡಿ ಗೋಡೆಗೆ ಹಾಕಬಾರದು. ನೀನು ನೋಡ್ಕೋಬೇಕು, ಅವಳಿಗೆ ಭಕ್ತಿ ಜಾಸ್ತಿ, ಗಮನ ಕಮ್ಮಿ' ಎಂದಿರಿ. ನೋಡಿಕೊಳ್ಳುತ್ತೇನೆ ಮೇಷ್ಟ್ರೇ ಎಂದೆ. ಮಾವ ಎನ್ನಲು ಇನ್ನೂ ನಾಲಿಗೆ ಹೊರಳುತ್ತಿರಲಿಲ್ಲ.

ಇಲ್ಲಿ ಕೆನ್ಮೋರ್ ಎಂಬ ಊರಿನಲ್ಲಿ ಮನೆ ಕೊಂಡ ವಾರವೇ ಪದ್ಮ, ಬಾಗಿಲ ಪಕ್ಕದಲ್ಲಿ ಕೋಟು ತೂಗುಹಾಕುವ ಗೂಡಿತ್ತಲ್ಲ, ಅದನ್ನು ದೇವರ ಮನೆ ಮಾಡಿದಳು. ಒಳಗಿನ ಎಡಗೋಡೆಗೆ ತೋಟದಮ್ಮ, ಬಲಗೋಡೆಗೆ ತಟ್ಟೆಯಲ್ಲಿ ಕನ್ನಡಿ, ನಡುವೆ ಉಳಿದ ದೇವರುಗಳು. ಶುಕ್ರವಾರ ಬೆಳಿಗ್ಗೆ ಗೂಡಿನ ಬಾಯಲ್ಲಿ ಮಣೆ ಹಾಕಿಕೊಂಡು, ಕನ್ನಡಿಯಲ್ಲಿ ಕಾಣುವ ತೋಟದಮ್ಮನಿಗೆ ನಾಲ್ಕು ಉದ್ಧರಣೆ ನೀರು ಬಿಟ್ಟು, ಒರೆಸಿ, ಹೊಸ ಕುಂಕುಮ ಇಡುವುದು. ಮೂವತ್ತು ವರ್ಷ. ನಾನು ನನ್ನ ಕಾಲೇಜಿನ ಎರಡು ವರ್ಷದ ಇಂಗ್ಲಿಷನ್ನು ಹಿಡಿದುಕೊಂಡು ಅವಳನ್ನು ರೇಗಿಸುತ್ತಿದ್ದೆ. 'ಯುವರ್ ಗಾಡೆಸ್ ಈಸ್ ಎ ಫಾರಿನರ್, ಮೇಡಂ.' ಅವಳು ತಿರುಗಿಯೂ ನೋಡದೆ, 'ನಾವೂ ಈಗ ಅದೇ ಅಲ್ವೇನ್ರೀ' ಎನ್ನುತ್ತಿದ್ದಳು.

ಆಸ್ಪತ್ರೆಗೆ ಸೇರುವ ಮುಂಚಿನ ಶುಕ್ರವಾರ ಅವಳಿಗೆ ಮಣೆಯ ಮೇಲೆ ಕೂರಲು ನಾನು ಕೈ ಹಿಡಿಯಬೇಕಾಯಿತು. ನೀರು ಬಿಟ್ಟಳು, ಒರೆಸಿದಳು, ಕುಂಕುಮ ಇಟ್ಟಳು. ಮರಳಿ ಬರಲಿಲ್ಲ. ಆಮೇಲೆ ನಾನು ಪೂಜೆ ಮಾಡಲಿಲ್ಲ, ಮಾವ. ನನಗೆ ಬರುವುದೂ ಇಲ್ಲ. ಆದರೆ ಆ ಕನ್ನಡಿಯನ್ನು ಒಂದು ಕೂದಲೆಳೆ ಅಲ್ಲಾಡಿಸಲಿಲ್ಲ. ಯಾಕೆಂದು ನಿಮಗೊಬ್ಬರಿಗೆ ಹೇಳಿದರೆ ಅರ್ಥವಾಗುತ್ತದೆ. ಒಂದು ದಿನ ಸುಮ್ಮನೆ ಅವಳ ಮಣೆಯ ಮೇಲೆ ಕೂತು ನೋಡಿದೆ. ಕನ್ನಡಿಯ ಮೇಲಿನ ಕುಂಕುಮ ತೋಟದಮ್ಮನ ಹಣೆಗೆ ಕೂಡುತ್ತಿರಲಿಲ್ಲ, ಎಲ್ಲೋ ಬೇಲಿಯ ಮೇಲೆ ಬಿದ್ದಿತ್ತು. ನಾನು ಎತ್ತರ ತಾನೇ. ನಿಧಾನವಾಗಿ ಬೆನ್ನು ಬಾಗಿಸಿದೆ, ಇನ್ನಷ್ಟು ಬಾಗಿಸಿದೆ, ಕತ್ತು ಸ್ವಲ್ಪ ಎಡಕ್ಕೆ. ಕುಂಕುಮ ಬೇಲಿಯಿಂದ ಮೇಲಕ್ಕೆ ಸರಿದು ಬಂದು ಹಣೆಯಲ್ಲಿ ಕೂತಿತು. ಪರ್ಸ್ಪೆಕ್ಟಿವ್ ಕಲಿಸುವಾಗ ನೀವು ಮೊದಲ ದಿನವೇ ಹೇಳುತ್ತಿದ್ದಿರಲ್ಲ, ನೋಡುವವನ ಕಣ್ಣು ಎಲ್ಲಿದೆ ಎಂದು ಗುರುತು ಹಾಕಿಕೋ, ಉಳಿದದ್ದೆಲ್ಲ ಅದರಿಂದ ಬರುತ್ತದೆ ಎಂದು. ಅವಳ ಕಣ್ಣು ಇದ್ದ ಜಾಗ ಅಲ್ಲಿ ಗುರುತಾಗಿ ಉಳಿದಿತ್ತು. ಕಾಯಿಲೆಯಲ್ಲಿ ಕುಗ್ಗಿ ಎಷ್ಟಾಗಿದ್ದಳೋ ಅಷ್ಟೇ ಎತ್ತರದಲ್ಲಿ. ಮೂರು ವರ್ಷ, ದಿನಕ್ಕೊಂದು ಸಲವಾದರೂ ಬಾಗಿ, ನನ್ನ ಕಣ್ಣನ್ನು ಅಲ್ಲಿ ಇಟ್ಟು ಬರುತ್ತಿದ್ದೆ. ಮಗಳಿಗೂ ಹೇಳಿರಲಿಲ್ಲ. ಇದನ್ನು ಏನೆಂದು ಹೇಳುವುದು?

ಹೋದ ತಿಂಗಳು ನಮ್ಮ ಅಂಜು, ನಿಮ್ಮ ಮೊಮ್ಮಗಳು, ಮನೆ ಮಾರೋಣ ಎಂದಳು. ನನ್ನ ಮಂಡಿ ಮೆಟ್ಟಿಲು ಹತ್ತುವುದಿಲ್ಲ. ಅವಳ ಮನೆ ಎಜುಕೇಶನ್ ಹಿಲ್ ಎಂಬ ಬಡಾವಣೆಯಲ್ಲಿದೆ, ಕೆಳಗೇ ಒಂದು ರೂಮಿದೆ. ಸರಿಯಮ್ಮ ಎಂದೆ. ಇಲ್ಲಿ ಮನೆ ಮಾರುವುದು ಎಂದರೆ ಮನೆಗೆ ವೇಷ ಹಾಕುವುದು. ಅದಕ್ಕೆಂದೇ ಒಂದು ಕಸುಬಿನವರಿದ್ದಾರೆ. ಬ್ರೆಂಡಾ ಎನ್ನುವ ಹೆಂಗಸು ಬಂದಳು, ಶೂ ಹಾಕಿಕೊಂಡೇ ದೇವರ ಗೂಡಿನ ಮುಂದೆ ನಿಂತಳು. ಕೈಯಲ್ಲಿ ಗುಂಡಗಿನ ಅಂಟು ಚೀಟಿಗಳು. ಕೆಂಪು ಅಂಟಿಸಿದ್ದನ್ನು ಪೆಟ್ಟಿಗೆಗೆ ತುಂಬುವುದು, ಹಸಿರು ಅಂಟಿಸಿದ್ದು ಮನೆಯಲ್ಲೇ ಇರಬಹುದು. ಕೊಳ್ಳಲು ಬಂದವರಿಗೆ ಇದು ಯಾರ ಮನೆ, ಯಾವ ದೇವರ ಮನೆ ಎಂದು ತಿಳಿಯಬಾರದಂತೆ. ವೆಂಕಟರಮಣನಿಗೆ ಕೆಂಪು. ಲಕ್ಷ್ಮಿಗೆ ಕೆಂಪು. ನಿಮ್ಮ ಫೋಟೋಕ್ಕೆ, ಅತ್ತೆಯವರ ಫೋಟೋಕ್ಕೆ, ಪದ್ಮನ ಫೋಟೋಕ್ಕೆ ಕೆಂಪು. ಆಮೇಲೆ ತೋಟದಮ್ಮನನ್ನು ಕಂಡು, 'ಓ ಗಾರ್ಜಸ್' ಎಂದು ಕೈಯನ್ನು ಎದೆಗೆ ಒತ್ತಿಕೊಂಡಳು. ಇದೂ ರಿಲಿಜಿಯಸ್ಸಾ ಎಂದು ನನ್ನನ್ನು ಕೇಳಿದಳು.

'ನೋ ನೋ,' ಎಂದೆ. 'ಓನ್ಲಿ ಡೆಕರೇಶನ್.'

ತೋಟದಮ್ಮನಿಗೆ ಹಸಿರು ಚೀಟಿ ಅಂಟಿಸಿದಳು. ಯಾಕೆ ಹಾಗೆಂದೆ? ಯಾರೂ ಹೆದರಿಸಿರಲಿಲ್ಲ. ನಿಜ ಹೇಳುತ್ತೇನೆ: ನನ್ನ ಮನೆಯ ಅಷ್ಟು ಸಾಮಾನಿನಲ್ಲಿ ಒಂದಾದರೂ ಆ ಹೆಂಗಸಿನ ಕಣ್ಣಿಗೆ ಚೆಂದ ಕಂಡಿತಲ್ಲ ಎಂದು ಹೆಮ್ಮೆಯಾಯಿತು. ಅದು ದೇವರು, ನನ್ನ ಹೆಂಡತಿ ಪೂಜೆ ಮಾಡುತ್ತಿದ್ದದ್ದು ಎಂದರೆ ಆ ಹೆಮ್ಮೆ ಹೋಗುತ್ತಿತ್ತು. ಕನ್ನಡಿಗೆ ಯಾವ ಚೀಟಿ ಅಂಟಿಸಿದಳೋ ನಾನು ನೋಡಲೂ ಇಲ್ಲ. ಸಂಜೆ ಅಂಜು ಕೂಡ ಕೇಳಿದಳು, ಅದು ಅಮ್ಮನದಲ್ಲವೇ ಎಂದು. ಇರಲಿ ಬಿಡು, ಮನೆಗೆ ಲಕ್ಷಣ ಎಂದೆ. ಒಂದೇ ದಿನ ಎರಡು ಸಲ.

ಮರುವಾರ ಮನೆಗೆ ವೇಷ ಹಾಕಿದರು. ನಾನು ಅಷ್ಟರಲ್ಲಿ ಅಂಜುವಿನ ಮನೆಗೆ ಬಂದಿದ್ದೆ. ಅವಳು ಫೋನಿನಲ್ಲಿ ಫೋಟೋ ತೋರಿಸಿದಾಗ ಯಾರ ಮನೆ ಇದು ಎಂದು ಕೇಳಿದೆ. ನನ್ನ ಮಂಚದ ಮೇಲೆ ಹನ್ನೊಂದು ದಿಂಬು. ಮಲಗುವವನು ಎಲ್ಲಿ ಮಲಗಬೇಕು? ಅಡುಗೆಮನೆಯಲ್ಲಿ ಗಾಜಿನ ಬೋಗುಣಿಯ ತುಂಬ ನಿಂಬೆಹಣ್ಣು, ಅಷ್ಟೂ ಪ್ಲಾಸ್ಟಿಕ್ಕು. ಪದ್ಮ ಮೂವತ್ತು ವರ್ಷ ಒಗ್ಗರಣೆ ಹಾಕಿದ ಜಾಗದಲ್ಲಿ! ಓದದ ಪುಸ್ತಕಗಳನ್ನು ಬೆನ್ನು ಗೋಡೆಗೆ ಮಾಡಿ ಜೋಡಿಸಿದ್ದರು, ಬಣ್ಣ ಹೊಂದಲಿ ಎಂದು. ದೇವರ ಗೂಡಿನಲ್ಲಿ ಮತ್ತೆ ಕೋಟುಗಳು, ಯಾರದೋ. ತೋಟದಮ್ಮ ಎಲ್ಲಿ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ನಿನ್ನೆ ಭಾನುವಾರ ಮಧ್ಯಾಹ್ನ ಮನೆ ನೋಡಲು ಜನ ಬರುವ ದಿನ. ಮನೆಯವರು ಆ ಹೊತ್ತಿನಲ್ಲಿ ಅಲ್ಲಿರಬಾರದು, ಅದು ಇಲ್ಲಿನ ಪದ್ಧತಿ. ನನಗೆ ಮಾತ್ರ ತಡೆಯಲಾಗಲಿಲ್ಲ. ಅಂಜು ಆ ಹಳೆಯ ಮನೆಯ ಹತ್ತಿರದ ಅಂಗಡಿಗೆ ಹೋಗುತ್ತಿದ್ದಾಗ, ಕೆರೆಯ ದಂಡೆಯಲ್ಲಿ ನಾಲ್ಕು ಹೆಜ್ಜೆ ಓಡಾಡುತ್ತೇನೆ ಎಂದು ಸುಳ್ಳು ಹೇಳಿ ಕಾರಿನಿಂದ ಇಳಿದು, ನನ್ನ ಮನೆಗೆ ನಾನೇ ಅಪರಿಚಿತನಂತೆ ಹೋದೆ. ಬಾಗಿಲಲ್ಲಿ ಟೈ ಕಟ್ಟಿದ ಒಬ್ಬ ಯುವಕ, ಮನೆ ಮಾರಿಸುವ ಏಜೆಂಟಿನ ಕೈಕೆಳಗಿನವನು, ಶೂ ಮೇಲೆ ಹಾಕಿಕೊಳ್ಳಿ ಎಂದು ನೀಲಿ ಚೀಲ ಕೊಟ್ಟ. ನಾನು ಅಭ್ಯಾಸಬಲದಿಂದ ಶೂ ಬಿಚ್ಚಿ ಬದಿಗಿಟ್ಟೆ. ಒಳಗೆ ಇಪ್ಪತ್ತು ಜನ. ಕಪಾಟು ತೆಗೆದು ಮೂಸುತ್ತಿದ್ದರು, ನಲ್ಲಿ ತಿರುಗಿಸುತ್ತಿದ್ದರು, ಗೋಡೆ ಒಡೆಯುವ ಮಾತಾಡುತ್ತಿದ್ದರು. ಹೆಣದ ಹಲ್ಲು ಎಣಿಸಿದ ಹಾಗೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಜೊತೆಗೆ ಈ ವಯಸ್ಸಿನ ಅವಸರ ಬೇರೆ. ಮೆಟ್ಟಿಲ ಕೆಳಗಿನ ಸಣ್ಣ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡೆ.

ಇದನ್ನು ಹೇಗೆ ಬರೆಯಲಿ... ನೀವು ಹಿರಿಯರು. ಕಣ್ಣು ಮುಚ್ಚಿಕೊಂಡು ನಿಂತು ಉಚ್ಚೆ ಹೊಯ್ದೆ. ಮುಗಿದ ಮೇಲೆ ತಲೆ ಎತ್ತಿದೆ. ಎದುರಿಗೆ, ಕಮೋಡಿನ ನೇರ ಮೇಲೆ, ತೋಟದಮ್ಮ ನನಗೆ ಹಣ್ಣು ಕೊಡುತ್ತಿದ್ದಳು.

ಕೆಳಗೆ ನೋಡಿದರೆ ಫ್ಲಶ್ ಟ್ಯಾಂಕಿನ ಮೇಲೆ, ಅಂಗಾತ ಮಲಗಿಸಿದ ಕನ್ನಡಿ. ನಿಮ್ಮ ಕ್ಷೌರದ ಕನ್ನಡಿ. ಅದನ್ನು ತಟ್ಟೆಯ ಹಾಗೆ ಮಾಡಿ, ಮೇಲೆ ಆ ಲ್ಯಾವೆಂಡರ್ ಮೇಣದಬತ್ತಿ, ಚಿಪ್ಪಿನಾಕಾರದ ಮೂರು ಸೋಪು, ಸುರುಳಿ ಸುತ್ತಿದ ಟವೆಲು. ಬತ್ತಿ ಆರಿಸಿ, ಅದೆಲ್ಲವನ್ನೂ ಬಾಚಿ ಬೇಸಿನ್ನಿಗೆ ಹಾಕಿದೆ. ಕನ್ನಡಿ ಫಳಫಳ ಹೊಳೆಯುತ್ತಿತ್ತು. ಗಾಜು ಒರೆಸುವ ಆ ನೀಲಿ ನೀರು ಹಾಕಿ ಉಜ್ಜಿದ್ದರು. ಕುಂಕುಮವಿರಲಿಲ್ಲ. ಅಂಚಿನ ಸಂದಿಯಲ್ಲಾದರೂ ಒಂದು ಕಣ ಉಳಿದಿದೆಯೇ ಎಂದು ಉಗುರಿನಿಂದ ಕೆರೆದು ನೋಡಿದೆ. ಪದ್ಮನ ಕಣ್ಣಿದ್ದ ಜಾಗವನ್ನು ಒಬ್ಬಳು ಕಾಗದದ ಟವೆಲಿನಲ್ಲಿ ಒರೆಸಿ ಕಸದ ಬುಟ್ಟಿಗೆ ಹಾಕಿದ್ದಳು. ಅವಳದೇನು ತಪ್ಪು? ಡೆಕರೇಶನ್ ಎಂದವನು ನಾನು. ಡೆಕರೇಶನ್ನಿನ ಮೇಲೆ ಇರುವುದು ಕುಂಕುಮವಲ್ಲ, ಕಲೆ. ಬ್ರೆಂಡಾಳ ಮೇಲೆ ಬಂದ ಹೇಸಿಗೆ ಅರ್ಧ ದಾರಿಯಲ್ಲೇ ಹಿಂತಿರುಗಿ ನನ್ನ ಮುಖಕ್ಕೇ ಬಡಿಯಿತು.

ಎಷ್ಟು ಹೊತ್ತು ನಿಂತಿದ್ದೆನೋ. ಹೊರಗೆ ಯಾರೋ ಕನ್ನಡದಲ್ಲಿ ಮಾತಾಡುತ್ತಿದ್ದರು. ಬೆಂಗಳೂರಿನ ಕಡೆಯ ಗಂಡ ಹೆಂಡತಿ, ಚಿಕ್ಕ ವಯಸ್ಸಿನವರ ದನಿ.

'ಒಳಗೆ ಆ ಅಜ್ಜ ಹೋಗಿ ಕಾಲು ಗಂಟೆ ಆಯ್ತು ಕಣ್ರೀ. ನಾಕ್ ಮಾಡಿ ನೋಡ್ಲಾ?'

'ಬೇಡ ಸುಮ್ನಿರು. ಅಂದ ಹಾಗೆ ಇದು ನಮ್ಮೋರದೇ ಮನೆ ಇರ್ಬೇಕು, ಪ್ಯಾಂಟ್ರೀಲಿ ಇಂಗಿನ ವಾಸನೆ ಇದೆ.'

'ಇರ್ಲಾರದು. ಒಳಗೆ ಆ ಫೋಟೋ ನೋಡಿದ್ರಾ? ನಮ್ಮೋರು ಎಲ್ಲಿ ಅಂಥದ್ದು ಹಾಕ್ತಾರೆ. ಎಷ್ಟು ಚೆನ್ನಾಗಿದೆ, ನಮ್ಮ ಗೆಸ್ಟ್ ಬಾತ್‌ರೂಮಿಗೂ ಅಂಥದೇ ಒಂದು ತರೋಣ ರೀ.'

ಇಂಗು ಗೆದ್ದಿತಲ್ಲ ಎಂದು ಒಂದು ಕ್ಷಣ ನಗು ಬಂತು. ಆ ಕೊನೆಯ ಮಾತು ಕೇಳಿ ಮೈ ಉರಿಯಿತು. ಕೈ ತೊಳೆಯೋಣ ಎಂದು ಬೇಸಿನ್ನಿನ ಕಡೆ ತಿರುಗಿದೆ. ಅದರ ಮೇಲೆ ಗೋಡೆಯಗಲ ಕನ್ನಡಿ. ಅದರಲ್ಲಿ ನನ್ನ ಹೆಗಲ ಹಿಂದಿನಿಂದ ತೋಟದಮ್ಮ ಕೈ ಚಾಚಿದ್ದಳು. ಬಲಗೈ. ಏನೂ ತಿಳಿಯದೆ, ದೇವರೆಂದೂ ತಿಳಿಯದೆ, ಆ ಹೆಂಗಸು ನೀವು ಮಾಡಿದ್ದನ್ನೇ ಮಾಡಿದ್ದಳು. ಎದುರು ಬದುರು ಚಿತ್ರ, ಕನ್ನಡಿ. ಕಕ್ಕಸಿನಲ್ಲಿ. ಕೈ ತೊಳೆದೆ, ಚಿತ್ರವನ್ನು ಗೋಡೆಯಿಂದ ಇಳಿಸಿದೆ, ಎರಡನ್ನೂ ಕಂಕುಳಿಗೆ ಸಿಕ್ಕಿಸಿಕೊಂಡು ಚಿಲಕ ತೆಗೆದೆ.

ಟೈ ಕಟ್ಟಿದವನು ಓಡಿ ಬಂದ. ಕಳ್ಳನೆಂದುಕೊಂಡ, ಪಾಪ. ಕಾಲಲ್ಲಿ ಶೂ ಇಲ್ಲದ ಮುದುಕ, ಕಂಕುಳಲ್ಲಿ ಚಿತ್ರ. ಸರ್ ಅದು ಇಲ್ಲಿಯದು, ದಯವಿಟ್ಟು ಇಡಿ ಎಂದು ಅಡ್ಡ ನಿಂತ. ಮೂವತ್ತಾರು ವರ್ಷ ಈ ದೇಶದಲ್ಲಿದ್ದರೂ ಸಿಟ್ಟು ಬಂದಾಗ ನನಗೆ ಬರುವುದು ಕಾಲೇಜಿನಲ್ಲಿ ರಜಾ ಅರ್ಜಿ ಬರೆಯಲು ಕಲಿಸಿದ ಇಂಗ್ಲಿಷು ಮಾತ್ರ. ಎಲ್ಲರೂ ತಿರುಗಿ ನೋಡುವ ಹಾಗೆ ಹೇಳಿದೆ: 'ರೆಸ್ಪೆಕ್ಟೆಡ್ ಸರ್, ಐ ಬೆಗ್ ಟು ಸ್ಟೇಟ್, ದಿಸ್ ಈಸ್ ನಾಟ್ ಡೆಕರೇಶನ್. ದಿಸ್ ಈಸ್ ಮೈ ವೈಫ್ಸ್ ಗಾಡ್.' ಮುಂದಿನದು ನೆನಪಾಗಲಿಲ್ಲ. ಅರ್ಜಿಯಲ್ಲಾದರೆ ಇದಾದ ಮೇಲೆ ಎರಡು ದಿನ ರಜೆ ಕೇಳಬೇಕಿತ್ತು. ಆ ಕನ್ನಡದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಗಂಡ ನಿಧಾನವಾಗಿ ಬಗ್ಗಿ, ತನ್ನ ಶೂ ಮೇಲಿನ ನೀಲಿ ಚೀಲ ತೆಗೆದು, ಶೂವನ್ನೂ ಬಿಚ್ಚಿದ. ಒಳ್ಳೆಯ ಮನೆಯ ಹುಡುಗ ಇರಬೇಕು.

ಅಂಜು ಬಂದು ಕರೆದುಕೊಂಡು ಹೋಗುವಾಗ ಕಾರಿನಲ್ಲಿ ಬೈದಳು. ಪೇಟೆ ನಡುವಿನ ಡೆನ್ನಿ ಟ್ರಯಾಂಗಲ್‌ನ ಗಾಜಿನ ಕಟ್ಟಡದಲ್ಲಿ ಇಪ್ಪತ್ತು ಜನರ ಮೇಲೆ ಅಧಿಕಾರ ನಡೆಸುವವಳು, ಬೈಗುಳವೂ ಮೀಟಿಂಗಿನ ಹಾಗೆ, ಒಂದೊಂದಾಗಿ, ಇಂಗ್ಲಿಷಿನಲ್ಲಿ. ಏಜೆಂಟು ಕೋಪಗೊಂಡಿದ್ದಾರೆ, ಜನರೆದುರು ಹೀಗೆ ಮಾಡಬಹುದೇ, ನನಗೊಂದು ಫೋನ್ ಮಾಡಬಾರದಿತ್ತೇ. ಕೊನೆಗೆ, 'ಐ ಆಸ್ಕ್ಡ್ ಯು, ಅಪ್ಪಾ. ಅಮ್ಮನದಾ ಅಂತ ಐ ಆಸ್ಕ್ಡ್ ಯು.'

'ಕೇಳಿದ್ದೆ, ಪುಟ್ಟಿ,' ಎಂದೆ. 'ಸುಳ್ಳು ಹೇಳ್ದೆ.'

ಆಮೇಲೆ ಕುಂಕುಮದ ಬಗ್ಗೆ ಹೇಳಿದೆ. ಮಣೆ, ಬಾಗುವುದು, ಕಣ್ಣಿನ ಎತ್ತರ, ಎಲ್ಲ. ನನ್ನ ಕನ್ನಡ ಅವಳಿಗೆ ಎಷ್ಟು ತಿಳಿಯಿತೋ ಎಂದುಕೊಂಡೆ. ಅವಳು ಕಾರನ್ನು ಬದಿಗೆ ಹಾಕಿ, ಸ್ಟಿಯರಿಂಗಿಗೆ ಹಣೆ ಇಟ್ಟು ಕೂತಳು. ತಿಳಿದಿತ್ತು.

ಮನೆಗೆ ಬಂದವಳೇ ಗ್ಯಾರೇಜಿನಲ್ಲಿದ್ದ ಪೆಟ್ಟಿಗೆಗಳನ್ನು ಕುಯ್ದು ತೆರೆದು ಅಮ್ಮನ ಮಣೆ, ಕುಂಕುಮದ ಭರಣಿ ಹುಡುಕಿ ತಂದಳು. ವೆಂಕಟರಮಣನ ಕಾಲಿನ ಮೇಲೆ ಇನ್ನೂ ಬ್ರೆಂಡಾಳ ಕೆಂಪು ಚೀಟಿ ಇತ್ತು, ಅದನ್ನು ಕಿತ್ತು ಉಂಡೆ ಮಾಡಿ ಎಸೆದಳು. ತನ್ನ ಕೋಟುಗಳ ಗೂಡನ್ನು ಖಾಲಿ ಮಾಡಿ, ನಾನು ಹೇಳಿದ ಹಾಗೆ ಎಡಕ್ಕೆ ಚಿತ್ರ, ಬಲಕ್ಕೆ ತಟ್ಟೆಯಲ್ಲಿ ಕನ್ನಡಿ ಇಟ್ಟಳು. ಡ್ರಾಫ್ಟ್ಸ್‌ಮನ್ನನ ಟೇಪು ಹಿಡಿದು ಅಂತರ ಅಳೆದುಕೊಟ್ಟೆ, ಕೆನ್ಮೋರ್‌ನ ಅಳತೆ ನನಗೆ ಬಾಯಿಪಾಠ. ಅವಳು ಕೂತು, ಬೆರಳನ್ನು ಒದ್ದೆ ಮಾಡಿಕೊಂಡು, ಕನ್ನಡಿಯಲ್ಲಿ ನೋಡುತ್ತಾ ಕುಂಕುಮ ಇಟ್ಟಳು. ಎದ್ದು ನನ್ನನ್ನು ಕೂರಿಸಿದಳು. ಬಾಗಿದೆ. ಮೂರು ವರ್ಷ ಬಾಗಿದ ಬೆನ್ನಿಗೆ ದಾರಿ ಗೊತ್ತಿತ್ತು, ತಾನಾಗಿ ಹೋಗಿ ನಿಂತಿತು. ಕುಂಕುಮ ಹಣೆಗೆ ಕೂಡಲಿಲ್ಲ. ಒಂದು ಬೆರಳು ಮೇಲೆ ಬೈತಲೆಯಲ್ಲಿ ಬಿದ್ದಿತ್ತು. ಅಂಜು ಅವಳ ಅಮ್ಮನಿಗಿಂತ ಒಂದು ಬೆರಳು ಎತ್ತರ, ಮಾವ. ಇಷ್ಟು ದಿನ ನನಗೆ ಗೊತ್ತೇ ಇರಲಿಲ್ಲ. 'ಸರಿ ಇದ್ಯಾ?' ಎಂದು ಕನ್ನಡದಲ್ಲೇ ಕೇಳಿದಳು. ಸರಿ ಇಲ್ಲ ಎಂದೆ. ಇರಲಿ, ಅಳಿಸಬೇಡ ಎಂದೆ. ಪದ್ಮನ ಕಣ್ಣಿದ್ದ ಜಾಗ ಇನ್ನು ಸಿಗುವುದಿಲ್ಲ. ಆ ಅಸಹ್ಯ ನನ್ನದು, ಅದನ್ನು ಯಾವ ಸೋಪಿನಲ್ಲೂ ತೊಳೆಯಲು ಆಗುವುದಿಲ್ಲ. ಶುಕ್ರವಾರ ನೀರು ಬಿಡುವುದು ಇನ್ನು ಮೇಲೆ ನಾನು, ಕುಂಕುಮ ಅವಳು, ಎಂದು ಮಾತಾಗಿದೆ. ಮಂತ್ರ ಇಬ್ಬರಿಗೂ ಬರುವುದಿಲ್ಲ.

ಈಗ ಆ ಸುದ್ದಿ. ಇವತ್ತು ಬೆಳಿಗ್ಗೆ ಅಂಜು ಕೆಲಸಕ್ಕೆ ಹೊರಡುವ ಮುಂಚೆ ಚಿತ್ರದ ಕೆಳಗಿನ ಅಕ್ಷರಗಳನ್ನು ಫೋನಿನಲ್ಲಿ ಹಿಡಿದು ಏನೇನೋ ಹುಡುಕಿದಳು. ಆ ತೋಟ ಇನ್ನೂ ಇದೆಯಂತೆ, ಇಟಲಿಯಲ್ಲಿ, ಟಿಕೆಟ್ಟು ಕೊಟ್ಟು ಒಳಗೆ ಬಿಡುತ್ತಾರಂತೆ. ವಿಗ್ರಹವೂ ಇದೆ. ಯಾರೋ ಪ್ರವಾಸಿ ತೆಗೆದ ಫೋಟೋ ನನ್ನ ಮುಂದೆ ಹಿಡಿದಳು. ಅದನ್ನು ಕಂಡೂ ಹೇಸಿಗೆಯಾಯಿತು, ಮೇಷ್ಟ್ರೇ. ತಲೆಯ ಮೇಲೆ ಪಾರಿವಾಳದ ಹಿಕ್ಕೆ, ಕಟ್ಟೆಯ ಮೇಲೆ ಯಾರದೋ ಐಸ್‌ಕ್ರೀಮ್ ಕಪ್ಪು, ಪಕ್ಕದಲ್ಲಿ ಹಲ್ಲು ಕಿರಿದು ನಿಂತ ಒಬ್ಬ. ಮುಖ ಅದೇ, ಬರಿದಾದ ಭುಜ ಅದೇ, ಸೆರಗಿನ ಹಣ್ಣು ಅದೇ. ಚಾಚಿದ ಕೈ ಮಾತ್ರ ಇಲ್ಲ. ಮೊಣಕೈಯಿಂದ ಮುರಿದು ಹೋಗಿದೆ.

ಮುರಿದಿರುವುದು ಬಲಗೈ. ಎಡಗೈ ಸೆರಗು ಹಿಡಿದುಕೊಂಡು ಗಟ್ಟಿಯಾಗಿದೆ. ಅತ್ತೆಯವರು ಪಕ್ಕದಲ್ಲಿದ್ದರೆ ಕೂಗಿ ಹೇಳಿ, ನಿಮ್ಮ ಊಹೆ ಸರಿ. ಅವಳು ಕೊಡುತ್ತಿದ್ದದ್ದು ಬಲಗೈಯಲ್ಲೇ. ಆ ಕೈ, ಹಣ್ಣಿನ ಸಮೇತ, ಈಗ ಅಲ್ಲಿ ಇಲ್ಲ. ಅದು ಇರುವುದು ನಿಮ್ಮ ಕ್ಷೌರದ ಕನ್ನಡಿಯಲ್ಲಿ.